ಚದರಡಿ ಲೆಕ್ಕದ ಕಾಡು

ಜುಲೈ ಕೊನೆ. ಇನ್‌ಕಂ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡೋ ಗಡಿಬಿಡಿಯಲ್ಲಿ ಮೇಲ್‌ಬಾಕ್ಸ್ ಜಾಲಾಡುತ್ತಿದ್ದೆ. ಹುಡುಕುತ್ತಿದ್ದದ್ದು ಒಂದು 80ಜಿ ರಸೀದಿ. ಪಶ್ಚಿಮ ಘಟ್ಟದಲ್ಲಿ ಕಾಡು, ಜೌಗು ಕೊಂಡು ಕಾಪಾಡ್ತೀವಿ ಅನ್ನೋ ಒಂದು ಟ್ರಸ್ಟಿಗೆ ಮೂರು ವರ್ಷದಿಂದ ತಿಂಗಳಿಗೆ ಸಾವಿರ ರೂಪಾಯಿ ಕೊಡ್ತಾ ಬಂದಿದ್ದೇನೆ. ಬ್ಯಾಂಕಿನಿಂದ ತಾನೇ ಕಟ್ ಆಗುತ್ತೆ. ನಾನು ಮರೆತರೂ ಅದು ಮರೆಯೋದಿಲ್ಲ. ರಸೀದಿ ಸಿಕ್ಕಿತು, ಜೊತೆಗೆ ಒಂದು ಸರ್ಟಿಫಿಕೇಟ್ ಕೂಡ: ನೀವು ಇಷ್ಟು ಚದರಡಿ ಕಾಡನ್ನು ಉಳಿಸಿದ್ದೀರಿ, ಅಭಿನಂದನೆಗಳು. ನಾನು ಇರೋ ಬಾಡಿಗೆ ಫ್ಲಾಟ್‌ಗಿಂತ ದೊಡ್ಡ ಜಾಗ. ಖುಷಿಯಾಯ್ತು ಅಂತ ಒಪ್ಪಿಕೊಳ್ತೀನಿ.

ಅವತ್ತೇ ಸಂಜೆ ತೀರ್ಥಹಳ್ಳಿ ಕಡೆಯಿಂದ ಅಪ್ಪಯ್ಯನ ಫೋನ್.

“ಈ ಸಲ ಬೈಲುಗದ್ದೆ ನಾಟಿ ಮಾಡ್ಸದಿಲ್ಲ ಮಾರಾಯ. ಜನ ಇಲ್ಲ. ಪಕ್ಕದೋರ ಜಾಗ ತಗಳಕ್ಕೆ ಬೆಂಗಳೂರಿಂದ ಪಾರ್ಟಿ ಬಂದಿದಾರೆ. ನಮ್ದನ್ನೂ ಸೇರ್ಸಿ ಕೇಳ್ತಿದಾರೆ.”

ನಮ್ಮ ಬೈಲುಗದ್ದೆ ಎರಡು ಎಕರೆ ಹತ್ತು ಗುಂಟೆ. ಮೇಲೆ ಹಾಡ್ಯ, ಕೆಳಗೆ ಹಳ್ಳ. ಹಳ್ಳದ ಪಕ್ಕದ ಒಂದು ಮೂಲೆ ಬೇಸಿಗೆಯಲ್ಲೂ ಒಣಗೋದಿಲ್ಲ. ಕಾಲಿಟ್ಟರೆ ಮೊಣಕಾಲವರೆಗೆ ಹೂತು ಹೋಗುತ್ತೆ. ನಾವು ಅದನ್ನ ಜಡ್ಡು ಅಂತೀವಿ. ನಾನು ಸ್ವಲ್ಪ ದನಿ ಏರಿಸಿ, ನೀರು ನಿಲ್ಲೋ ಜಾಗ ಅದು, ಅದನ್ನ ಮಾರಿದ್ರೆ ಮಣ್ಣು ತುಂಬಿಸಿ ಸೈಟ್ ಮಾಡ್ತಾರೆ, ಊರಿನ ಬಾವಿಗಳ ಗತಿ ಏನು ಅಂತ ಶುರು ಮಾಡಿದೆ. ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ನೀನು ಎಲ್ಲೋ ಇರೋ ಕಾಡಿಗೆ ತಿಂಗ್ಳು ತಿಂಗ್ಳು ದುಡ್ಡು ಕಟ್ತೀಯಂತಲ್ಲ, ನಿಮ್ಮಮ್ಮ ಹೇಳಿದ್ಲು. ಈ ಗದ್ದೇನೂ ಅವ್ರಿಗೇ ಕೊಡಣ ತಗ. ನಾಟಿಗೆ ಜನ ಕಳಿಸ್ತಾರಾ ಕೇಳು.”

ಅವರು ತಮಾಷೆಗೇ ಹೇಳಿದ್ದು. ಆದರೆ ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಈ ಬರಹ ಅದರ ಸುತ್ತಲೇ.

*

ಮೊದಲೇ ಹೇಳಿಬಿಡ್ತೀನಿ, ದೇಣಿಗೆ ಎತ್ತಿ ಭೂಮಿ ಕೊಂಡು ಕಾಪಾಡೋದಕ್ಕೆ ನಾನು ವಿರೋಧಿ ಅಲ್ಲ. ಅದೊಂದು ಒಳ್ಳೆ ಯೋಚನೆ, ಹಳೆಯದು ಕೂಡ. 1891ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಚಾರ್ಲ್ಸ್ ಎಲಿಯಟ್ ಅನ್ನೋ ಯುವ ಭೂದೃಶ್ಯ ವಿನ್ಯಾಸಕಾರನ ಒತ್ತಾಯದಿಂದ ‘ಟ್ರಸ್ಟೀಸ್ ಆಫ್ ರಿಸರ್ವೇಶನ್ಸ್’ ಹುಟ್ಟಿತು. ಅವನ ವಾದ ಸರಳ: ಗ್ರಂಥಾಲಯ ಊರಿನವರಿಗಾಗಿ ಪುಸ್ತಕ ಇಟ್ಟುಕೊಳ್ಳುತ್ತೆ, ಮ್ಯೂಸಿಯಂ ಚಿತ್ರ ಇಟ್ಟುಕೊಳ್ಳುತ್ತೆ, ಹಾಗೇ ಒಂದು ಸಂಸ್ಥೆ ಚೆಂದದ ಜಾಗಗಳನ್ನ ಯಾಕೆ ಇಟ್ಟುಕೊಳ್ಳಬಾರದು? ನಾಲ್ಕು ವರ್ಷದ ನಂತರ ಇಂಗ್ಲೆಂಡಿನಲ್ಲಿ ಶುರುವಾದ ನ್ಯಾಷನಲ್ ಟ್ರಸ್ಟಿಗೂ ಇದೇ ಮಾದರಿ.

ಆಮೇಲೆ ಅಮೆರಿಕದವರು ಇನ್ನೊಂದು ದಾರಿ ಹುಡುಕಿದರು. ಜಮೀನನ್ನ ಪೂರ್ತಿ ಕೊಳ್ಳೋ ಬದಲು, ಅದರ ಮೇಲೆ ಕಟ್ಟೋ ಹಕ್ಕನ್ನಷ್ಟೇ ಟ್ರಸ್ಟ್ ಪಡೆದುಕೊಳ್ಳುತ್ತೆ. ರೈತ ರೈತನಾಗೇ ಇರ್ತಾನೆ, ಉಳ್ತಾನೆ, ಮಕ್ಕಳಿಗೆ ಕೊಡ್ತಾನೆ, ಬೇಕಾದರೆ ಮಾರ್ತಾನೆ. ಆದರೆ ಕೊಂಡವನೂ ಅಲ್ಲಿ ಲೇಔಟ್ ಮಾಡೋ ಹಾಗಿಲ್ಲ. ಕರಾರು ಜಮೀನಿನ ಜೊತೆಗೇ ಹೋಗುತ್ತೆ. ಈ ಹಕ್ಕನ್ನ ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುತ್ತೆ.

ವಿನಾಯಿತಿ ಇದ್ದ ಕಡೆ ಜಾಣರೂ ಇರ್ತಾರೆ. ಹತ್ತಾರು ಜನ ಹೂಡಿಕೆದಾರರು ಸೇರಿ ಜಮೀನು ಕೊಂಡು, ಅದರ ಬೆಲೆಯನ್ನ ಹಲವು ಪಟ್ಟು ಏರಿಸಿ ತೋರಿಸಿ, ‘ಸಂರಕ್ಷಣೆಗೆ ದಾನ’ ಅಂತ ಬರೆದುಕೊಟ್ಟು, ಹಾಕಿದ್ದಕ್ಕಿಂತ ಹೆಚ್ಚು ತೆರಿಗೆ ಉಳಿಸೋ ದಂಧೆ ಬೆಳೆಯಿತು. 2016ರಲ್ಲಿ ಅಲ್ಲಿನ ತೆರಿಗೆ ಇಲಾಖೆ ಇಂಥ ವ್ಯವಹಾರಗಳ ಮೇಲೆ ಕಣ್ಣಿಟ್ಟಿತು. 2022ರ ಕೊನೆಯಲ್ಲಿ ಕಾನೂನು ತಂದೇ ಕಡಿವಾಣ ಹಾಕಬೇಕಾಯಿತು. ಕಾಡು ಉಳಿಸೋ ಕಾಗದಪತ್ರವೇ ಒಂದು ಸರಕಾದರೆ ಏನಾಗುತ್ತೆ ಅನ್ನೋದಕ್ಕೆ ಇದು ಉದಾಹರಣೆ.

ನಮ್ಮಲ್ಲಿ ಆ ಥರದ ಕರಾರಿಗೆ ಸರಿಯಾದ ಕಾನೂನಿನ ಚೌಕಟ್ಟು ಇಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಇರೋದು ದಾರಿ, ನೀರು, ಗಾಳಿ-ಬೆಳಕಿನಂಥ ಅಕ್ಕಪಕ್ಕದವರ ಹಕ್ಕುಗಳಿಗೆ. ಕೊಳ್ಳೋಣ ಅಂದರೂ ಕರ್ನಾಟಕದಲ್ಲಿ ಬಹಳ ಕಾಲ ಸುಲಭ ಇರಲಿಲ್ಲ. ಭೂ ಸುಧಾರಣಾ ಕಾಯ್ದೆಯ 79ಬಿ ಕಲಂ ಪ್ರಕಾರ ಟ್ರಸ್ಟು, ಸಂಘ, ಕಂಪನಿಗಳು ಕೃಷಿಭೂಮಿ ಇಟ್ಟುಕೊಳ್ಳೋ ಹಾಗಿರಲಿಲ್ಲ. ಕಾಫಿ, ಏಲಕ್ಕಿಯಂಥ ಪ್ಲಾಂಟೇಶನ್‌ಗೆ ರಿಯಾಯಿತಿ ಇತ್ತು. 2020ರ ತಿದ್ದುಪಡಿ ಆ ತಡೆಯನ್ನ ತೆಗೆಯಿತು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಅಂತಾಯಿತು. ಬಾಗಿಲು ತೆರೆದಾಗ ಕಾಡು ಉಳಿಸೋರೂ ಒಳಗೆ ಬಂದರು, ಕಾಲೆಕರೆಯ ‘ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್’ ಮಾರೋರೂ ಬಂದರು. ಇಬ್ಬರ ಬ್ರೋಶರ್‌ನಲ್ಲೂ ಅದೇ ಮಂಜು, ಅದೇ ಮಂಗಟ್ಟೆ ಹಕ್ಕಿ. ನನ್ನ ಫೋನಿನಲ್ಲಿ ಎರಡೂ ಜಾಹೀರಾತು ಒಂದರ ಹಿಂದೊಂದು ಬರ್ತವೆ. ನಿಮ್ಮದರಲ್ಲೂ ಬರ್ತಿರಬೇಕು.

*

ಕೆಲಸ ಮಾಡಿದ ಉದಾಹರಣೆಗಳನ್ನ ಮೊದಲು ನೋಡೋಣ.

ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಕೊಳ್ಳೇಗಾಲದ ಕಡೆಯ ಕಾಡಿಗೂ ನಡುವೆ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಅಂತ ಒಂದು ಆನೆ ದಾರಿ ಇದೆ. ಅಲ್ಲಿ ಖಾಸಗಿ ಜಮೀನು ಅಡ್ಡ ಇತ್ತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಅದರ ಜೊತೆಗಿದ್ದ ಸಂಸ್ಥೆಗಳು ಸೇರಿ ಸುಮಾರು 25 ಎಕರೆ ಕೊಂಡು, ಅದನ್ನ ಕರ್ನಾಟಕ ಅರಣ್ಯ ಇಲಾಖೆಗೆ ಒಪ್ಪಿಸಿದವು. 25 ಎಕರೆ ಅಂದರೆ ಒಂದು ಚದರ ಕಿಲೋಮೀಟರಿನ ಹತ್ತನೇ ಒಂದು ಭಾಗ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್ ಸಮುಚ್ಚಯಗಳು ಇದಕ್ಕಿಂತ ದೊಡ್ಡವು. ಆದರೆ ಆ 25 ಎಕರೆ ಇರೋ ಜಾಗ ಮುಖ್ಯ. ಎರಡು ದೊಡ್ಡ ಕೋಣೆಗಳ ನಡುವಿನ ಬಾಗಿಲು ಅದು. ಅಲ್ಲಿ ಬೇಲಿ ಬಿದ್ದರೆ ಎರಡೂ ಕಡೆಯ ಆನೆಗಳಿಗೆ ದಾರಿ ಮುಚ್ಚಿದ ಹಾಗೆ.

ಇನ್ನೊಂದು ನಿಮಗೂ ಗೊತ್ತಿರಬಹುದು. ಕೊಡಗಿನಲ್ಲಿ, ಬ್ರಹ್ಮಗಿರಿ ವನ್ಯಜೀವಿಧಾಮದ ಬಳಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು ಶುರು ಮಾಡಿದ ಸಾಯ್ ಸ್ಯಾಂಕ್ಚುರಿ. ವರ್ಷಗಳು ಹೋದ ಹಾಗೆ ಸುತ್ತಲಿನ ಜಮೀನು ಸೇರಿಸಿ ಸುಮಾರು 300 ಎಕರೆಗೆ ಬೆಳೆಸಿದರು. ಬಹುಪಾಲು ಜಾಗವನ್ನ ಹಾಗೇ ಬಿಟ್ಟರು. ಆ ‘ಹಾಗೇ ಬಿಡೋದು’ ಎಷ್ಟು ಕಷ್ಟ ಅಂತ ಊರಲ್ಲಿ ಒಂದು ಗುಂಟೆ ಜಾಗ ಇರೋರಿಗೂ ಗೊತ್ತು. ಅನಿಲ್ 2021ರಲ್ಲಿ ತೀರಿಕೊಂಡರು. ಇಂಥ ಪ್ರತಿ ಪ್ರಯತ್ನಕ್ಕೂ, ಶುರು ಮಾಡಿದವರ ನಂತರ ಯಾರು ಅನ್ನೋ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗೇ ಆಗುತ್ತೆ.

ಎರಡರಲ್ಲೂ ಗಮನಿಸಬೇಕಾದ ಒಂದು ವಿಷಯ ಇದೆ. ಮೊದಲನೆಯದರಲ್ಲಿ ಜಾಗ ಯಾವುದು, ಯಾಕೆ ಅನ್ನೋದು ಖಚಿತವಾಗಿತ್ತು, ಕೊಂಡ ಮೇಲೆ ನೋಡಿಕೊಳ್ಳೋದು ಯಾರು ಅನ್ನೋದೂ ತೀರ್ಮಾನವಾಗಿತ್ತು. ಎರಡನೆಯದರಲ್ಲಿ ಕೊಂಡವರೇ ಹೋಗಿ ಅಲ್ಲಿ ಬದುಕಿದರು. ಯಾವುದರಲ್ಲೂ ಚದರಡಿಯ ಮಾತು ಬರೋದಿಲ್ಲ.

*

ಈಗ ನನ್ನ ತಕರಾರು.

ಕಾಡನ್ನ ಚದರಡಿ ಲೆಕ್ಕದಲ್ಲಿ ಹಂಚಿ ಕೊಟ್ಟ ಕೂಡಲೇ ನಮ್ಮ ತಲೆಯಲ್ಲಿ ಅದು ಸೈಟ್ ಆಗುತ್ತೆ. ನಾವು, ಈ ಐಟಿ-ಬಿಟಿ ಜನ, ಸೈಟ್ ಭಾಷೆ ಚೆನ್ನಾಗಿ ಬಲ್ಲವರು. ಒಂದು ಎಕರೆಗೆ 43,560 ಚದರಡಿ, ಅದರಲ್ಲಿ ನನ್ನ ಪಾಲು ಇಷ್ಟು. ಆದರೆ ಕಾಡು ಹಾಗೆ ಪಾಲಾಗೋದಿಲ್ಲ. ನೂರು ಜನ ಒಂದೊಂದು ಗುಂಟೆ ಉಳಿಸಿ, ಅವು ನೂರು ಕಡೆ ಚೆದುರಿದ್ದರೆ ಆನೆಗೆ ಅದರಿಂದ ಏನೂ ಉಪಯೋಗ ಇಲ್ಲ. ಜಾಗ ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ದೊಡ್ಡದು. ಸರ್ಟಿಫಿಕೇಟಿನಲ್ಲಿ ಎಷ್ಟು ಅಂತ ಮಾತ್ರ ಇರುತ್ತೆ.

ನಾನು ಅಪ್ಪಯ್ಯನ ಫೋನ್ ಆದ ಮೇಲೆ ಟ್ರಸ್ಟಿಗೆ ಒಂದು ಮೇಲ್ ಬರೆದೆ. ಜಾಗ ಯಾವ ತಾಲೂಕಿನಲ್ಲಿದೆ, ಪಹಣಿ ಯಾರ ಹೆಸರಲ್ಲಿದೆ, ಕಾವಲಿಗೆ ಯಾರಿದ್ದಾರೆ, ಅವರ ಸಂಬಳ ಎಲ್ಲಿಂದ ಅಂತ. ವಾರದ ನಂತರ ಉತ್ತರ ಬಂತು. ನಿಮ್ಮ ಕಾಳಜಿಗೆ ಧನ್ಯವಾದ ಅಂತ ಒಂದು ಸಾಲು, ಮಂಗಟ್ಟೆಯ ಫೋಟೋ, ತಿಂಗಳ ದೇಣಿಗೆ ಹೆಚ್ಚಿಸೋಕೆ ಒಂದು ಲಿಂಕ್. ಮೋಸ ಅಂತ ನಾನು ಹೇಳ್ತಿಲ್ಲ. ಕೆಲಸ ನಿಜವಾಗಿಯೂ ನಡೀತಿರಬಹುದು. ಆದರೆ ಮೂರು ವರ್ಷ ನಾನೂ ಒಂದು ಪ್ರಶ್ನೆ ಕೇಳಿರಲಿಲ್ಲ ಅನ್ನೋದು ಅವತ್ತು ಹೊಳೆಯಿತು. ಹತ್ತು ಸಾವಿರದ ಫೋನ್ ಕೊಳ್ಳೋಕೆ ನಾಲ್ಕು ರಿವ್ಯೂ ನೋಡ್ತೀನಿ. ಮೂವತ್ತಾರು ಸಾವಿರ ಕೊಟ್ಟ ಕಾಡು ಎಲ್ಲಿದೆ ಅಂತ ನೋಡಿರಲಿಲ್ಲ.

ಕಾವಲಿನ ಪ್ರಶ್ನೆ ಸಣ್ಣದಲ್ಲ. ಕ್ರಯಪತ್ರ ಒಂದು ದಿನದ ಕೆಲಸ. ಬೇಸಿಗೆಯಲ್ಲಿ ಬೆಂಕಿ ರೇಖೆ ಮಾಡೋದು, ಒತ್ತುವರಿ ಆಗದ ಹಾಗೆ ಗಡಿ ನೋಡೋದು, ಲಂಟಾನ ಕೀಳೋದು ಪ್ರತಿ ವರ್ಷದ ಕೆಲಸ. ದಾನಿಗಳಿಗೆ ಇಷ್ಟ ಆಗೋದು ಕೊಳ್ಳೋ ಕ್ಷಣ. ಹತ್ತನೇ ವರ್ಷದ ಕಾವಲುಗಾರನ ಸಂಬಳಕ್ಕೆ ಯಾರೂ ಸರ್ಟಿಫಿಕೇಟ್ ಕೇಳೋದಿಲ್ಲ.

ಇನ್ನು ನೀರು. ಕಾಡಿಗಾದರೂ ಬೇಲಿ ಹಾಕಬಹುದು, ಜೌಗಿಗೆ ಹಾಕೋಕೆ ಆಗೋದಿಲ್ಲ. ಮೇಲಿನವನ ಶುಂಠಿಗೆ ಹೊಡೆದ ಔಷಧಿ ಕೆಳಗಿನ ಜಡ್ಡಿಗೆ ಬರುತ್ತೆ. ಮೇಲೆ ಯಾರೋ ಬೋರ್ ಕೊರೆದರೆ ಕೆಳಗೆ ಒರತೆ ಸೊರಗುತ್ತೆ. ಟ್ರಸ್ಟ್ ಕೊಂಡ ಐದು ಎಕರೆ ಜೌಗು ಬದುಕೋದು, ಟ್ರಸ್ಟ್ ಕೊಳ್ಳದ ಐವತ್ತು ಎಕರೆಯವರು ಏನು ಮಾಡ್ತಾರೆ ಅನ್ನೋದರ ಮೇಲೆ. ಅಂದರೆ ನೆರೆಯವರ ಮೇಲೆ. ಆ ನೆರೆಯವರು ಯಾವ ಬ್ರೋಶರ್‌ನಲ್ಲೂ ಕಾಣೋದಿಲ್ಲ. ಕಂಡರೂ ‘ಒತ್ತಡ’, ‘ಅಪಾಯ’ ಅನ್ನೋ ಪದಗಳ ಒಳಗೆ ಇರ್ತಾರೆ.

ನಮ್ಮ ಸರ್ಕಾರಿ ನಿಯಮವೂ ಇಲ್ಲಿ ನೆರವಿಗೆ ಬರೋದಿಲ್ಲ. ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದ ಭತ್ತದ ಗದ್ದೆಯನ್ನ ಮನುಷ್ಯ ಮಾಡಿದ ಜೌಗು ಪ್ರದೇಶ ಅಂತ ಪರಿಗಣಿಸುತ್ತೆ. ನಮ್ಮ 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನ ವ್ಯಾಖ್ಯಾನದಿಂದಲೇ ಹೊರಗಿಟ್ಟಿವೆ. ರೈತನಿಗೆ ತೊಂದರೆ ಆಗಬಾರದು ಅನ್ನೋ ಕಾಳಜಿ ಅರ್ಥವಾಗುತ್ತೆ. ಆದರೆ ಮಲೆನಾಡಿನಲ್ಲಿ ಗದ್ದೆ ಹೋಗಿ ಅಡಿಕೆ ತೋಟವಾದಾಗ, ಶುಂಠಿಯಾದಾಗ, ಸೈಟಾದಾಗ ಹೋಗಿದ್ದು ಜೌಗು ಅಂತ ಯಾವ ಲೆಕ್ಕದಲ್ಲೂ ಬರೋದಿಲ್ಲ.

*

ಹಾಗಾದರೆ ಬೇರೆ ದಾರಿ ಇದೆಯಾ? ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಊರ ನಡುವೆ, ಮನೆಗಳ ಹಿತ್ತಲಿನ ಹುಣಸೆ ಮರ, ಆಲದ ಮರಗಳಲ್ಲಿ ಗೂಡು ಕಟ್ತವೆ. ಮರ ಖಾಸಗಿ, ಹಕ್ಕಿ ಊರಿನದು. ಹುಣಸೆ ಬಡಿಯೋ ಹೊತ್ತಿಗೆ ಗೂಡಲ್ಲಿ ಮರಿ ಇರುತ್ತೆ. ಬಡಿದರೆ ಮರಿ ಬೀಳುತ್ತೆ, ಬಿಟ್ಟರೆ ಹಣ ಹೋಗುತ್ತೆ. ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರು ಬಂದು ಊರವರ ಜೊತೆ ಕೆಲಸ ಮಾಡಿದರು, ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡೋ ಪದ್ಧತಿ ತಂದಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶ ಆಯಿತು. ಯಾರೂ ಯಾರ ಮರವನ್ನೂ ಕೊಳ್ಳಲಿಲ್ಲ. ಮ್ಯಾಸಚೂಸೆಟ್ಸ್‌ನವರು ವಕೀಲರನ್ನ ಇಟ್ಟುಕೊಂಡು ಮಾಡೋ ಕರಾರನ್ನ ಇಲ್ಲಿ ಹುಣಸೆ ಮರದ ಕೆಳಗೆ ಮಾಡಿಕೊಂಡರು: ನಿನ್ನದು ನಿನಗೇ ಇರಲಿ, ಒಂದು ಕೆಲಸ ಮಾತ್ರ ಮಾಡಬೇಡ, ಅದಕ್ಕೆ ಇಷ್ಟು.

ಇದನ್ನೂ ತೀರಾ ಹೊಗಳಬೇಕಿಲ್ಲ. ಸಿಗೋ ಪರಿಹಾರ ಹುಣಸೆಯ ಬೆಲೆಗೆ ಸಮ ಅಲ್ಲ, ಸಮಯಕ್ಕೆ ಬರೋದಿಲ್ಲ ಅನ್ನೋ ದೂರು ಹಳೆಯದು. 2017ರ ಕೊನೆಯಿಂದ ಕೆಲವು ತಿಂಗಳು ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹೊಟ್ಟೆಯಲ್ಲಿ ಜಂತುಹುಳು. ಅನುಮಾನ ಹೋಗಿದ್ದು ಅವು ಮೀನು ಹಿಡಿಯೋ ಸುತ್ತಲಿನ ಕೆರೆ-ಹೊಳೆಗಳ ಕೊಳಕು ನೀರಿನ ಮೇಲೆ. ಊರು ಮರ ಉಳಿಸಿತು, ನೀರು ಊರಿನ ಕೈಯಲ್ಲಿ ಇರಲಿಲ್ಲ.

ಇನ್ನೂ ಹಳೆಯ ಟ್ರಸ್ಟ್ ಬೇಕೆಂದರೆ ಕೊಡಗಿನ ದೇವರಕಾಡುಗಳಿವೆ. ಟ್ರಸ್ಟಿ ದೇವರು, ಕಾವಲು ಊರು, ದೇಣಿಗೆ ಭಕ್ತಿ. ಇವತ್ತಿಗೂ 1,200ಕ್ಕೂ ಹೆಚ್ಚು ದೇವರಕಾಡುಗಳು ಲೆಕ್ಕದಲ್ಲಿವೆ, ವಿಸ್ತೀರ್ಣ ಸುಮಾರು 2,500 ಹೆಕ್ಟೇರ್. ನೂರು ವರ್ಷದ ಹಿಂದೆ ಇದರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಕಾಫಿಗೆ ಬೆಲೆ ಬಂದಾಗ ದೇವರ ಹೆಸರಿನ ಗಡಿಯೂ ಹಿಂದೆ ಸರಿಯಿತು. ಹಾಗಾಗಿ ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಅಂತ ಎದೆ ತಟ್ಟಿಕೊಳ್ಳೋ ಹಾಗೂ ಇಲ್ಲ. ಉಳಿದದ್ದು ಯಾವುದು ಅಂತ ನೋಡಿದರೆ, ಅಲ್ಲಿ ಈಗಲೂ ವರ್ಷಕ್ಕೊಮ್ಮೆ ಜನ ಸೇರೋ ಹಬ್ಬ ಇರುತ್ತೆ. ಜನ ಹೋಗೋದು ನಿಂತ ಕಡೆ ಕಾಡೂ ಕರಗಿದೆ.

ನಾನು ಹೇಳಬೇಕು ಅಂದುಕೊಂಡದ್ದು ಇಷ್ಟೇ. ದುಡ್ಡಿನಿಂದ ಭೂಮಿ ಕೊಳ್ಳಬಹುದು. ಅದನ್ನ ಉಳಿಸೋದು ಪಕ್ಕದಲ್ಲಿ ಇರೋ ಜನ. ಆ ಜನರಿಗೆ ಅಲ್ಲಿ ಇರೋದಕ್ಕೆ ಕಾರಣ ಕೊಡದ ದೇಣಿಗೆ ಬೇಲಿಯನ್ನಷ್ಟೇ ಕಟ್ಟುತ್ತೆ. ನೀವೂ ಕೊಡೋರಾದರೆ ಮೂರು ಪ್ರಶ್ನೆ ಕೇಳಿ. ಆ ಜಾಗವೇ ಯಾಕೆ? ಹತ್ತು ವರ್ಷ ಬಿಟ್ಟು ಅದನ್ನ ಕಾಯೋರು ಯಾರು, ಯಾವ ದುಡ್ಡಲ್ಲಿ? ನೆರೆಯವರಿಗೆ ಇದರಲ್ಲಿ ಏನಿದೆ? ಉತ್ತರ ಕೊಡೋ ಟ್ರಸ್ಟುಗಳು ಇವೆ. ಅವರಿಗೆ ಕೊಡಿ, ಹೊಸ ತೆರಿಗೆ ಪದ್ಧತಿಯಲ್ಲಿ 80ಜಿ ಸಿಗದಿದ್ದರೂ ಕೊಡಿ.

*

ಅಪ್ಪಯ್ಯನ ಪ್ರಶ್ನೆ ಇನ್ನೂ ಬಾಕಿ ಇದೆ.

ಆಗಸ್ಟ್ ಮೊದಲ ವಾರ ಊರಿಗೆ ಹೋದೆ. ಗದ್ದೆಯಿಂದ ವರ್ಷಕ್ಕೆ ಎಷ್ಟು ಕೈಯಿಂದ ಹೋಗುತ್ತೆ ಅಂತ ಕೇಳಿದೆ. ಹತ್ತು-ಹನ್ನೆರಡು ಸಾವಿರ ಅಂದರು. ನಾನು ಟ್ರಸ್ಟಿಗೆ ಕೊಡೋ ಮೊತ್ತ ಹೆಚ್ಚು ಕಡಿಮೆ ಅಷ್ಟೇ. ಅದನ್ನ ನಾನೇ ಕೊಡ್ತೀನಿ ಅಂದೆ. ಸಮಸ್ಯೆ ಬಗೆಹರಿಯಿತು ಅಂತ ಅಂದುಕೊಂಡಿದ್ದೆ.

“ದುಡ್ಡು ಯಾರು ಕೇಳಿದ್ರು?” ಅಂದರು. “ದುಡ್ಡು ಗದ್ದೆಗಿಳಿದು ಸಸಿ ನೆಡುತ್ತಾ?”

ಬೇರೆಯವರಿಗೆ ಮಾಡೋಕೆ ಕೊಡಬಹುದಲ್ಲ ಅಂದರೆ ಮುಖ ಬಿಗಿಯಾಯಿತು. ನಮ್ಮ ರಾಜ್ಯದಲ್ಲಿ 1974ರಿಂದ ಗೇಣಿಗೆ ಕೊಡೋದು ಕಾನೂನಿನ ಪ್ರಕಾರ ಇಲ್ಲ. ಆ ಕಾನೂನು ಬಂದಾಗ ಅಜ್ಜ ಮೇಲಿನ ಮಕ್ಕಿಗದ್ದೆ ಕಳೆದುಕೊಂಡಿದ್ದರು. ಉಳುತ್ತಿದ್ದವರಿಗೆ ಅದು ಸಿಕ್ಕಿದ್ದು ನ್ಯಾಯವೇ ಅಂತ ನಾನು ನಂಬ್ತೀನಿ, ಅಪ್ಪಯ್ಯನೂ ಒಳಗೊಳಗೆ ಒಪ್ತಾರೆ. ಆದರೆ ಭಯ ಹೋಗಿಲ್ಲ. ನಂಬಿ ಕೊಡೋಕೆ ಆಗದೆ, ತಾವೇ ಮಾಡೋಕೂ ಆಗದೆ ಪಾಳು ಬಿದ್ದ ಗದ್ದೆಗಳು ನಮ್ಮ ಸೀಮೆಯಲ್ಲಿ ಎಷ್ಟಿವೆಯೋ. ಇದನ್ನ ಯಾವ ಟ್ರಸ್ಟ್ ಹೇಗೆ ಬಿಡಿಸುತ್ತೆ?

ಕೊನೆಗೆ ಅಮ್ಮನೇ ದಾರಿ ತೆಗೆದರು. ಅವರ ಸ್ವಸಹಾಯ ಸಂಘದ ಹೆಂಗಸರ ಹತ್ತಿರ ಮಾತಾಡಿ, ಬೇರೆಯವರಿಂದ ಉಳಿದ ಸಸಿ ಕೇಳಿ ತಂದು, ತಡವಾದರೂ ಕೆಳಗಿನ ಅರ್ಧ ಗದ್ದೆ ನಾಟಿ ಮಾಡಿಸಿದರು. ನಾನೂ ಒಂದು ದಿನ ಇಳಿದೆ. ನಾನು ನೆಟ್ಟ ಸಾಲನ್ನ ಒಬ್ಬರು ಮತ್ತೆ ಬಂದು ಸರಿ ಮಾಡಿದರು. ಮೇಲಿನ ಅರ್ಧ ಹಾಗೇ ಬಿಟ್ಟಿದೆ. ಜಡ್ಡಿನ ತಂಟೆಗೆ ಯಾರೂ ಹೋಗಲಿಲ್ಲ.

ಟ್ರಸ್ಟಿಗೆ ತಿಂಗಳ ದುಡ್ಡನ್ನ ಸದ್ಯಕ್ಕೆ ನಿಲ್ಲಿಸಿದ್ದೇನೆ. ಮೂರು ಪ್ರಶ್ನೆಗೆ ಉತ್ತರ ಬಂದರೆ ಮತ್ತೆ ಶುರು ಮಾಡ್ತೀನಿ ಅಂತ ಬರೆದಿದ್ದೇನೆ. ಬೆಂಗಳೂರಿನ ಪಾರ್ಟಿಗೆ ಅಪ್ಪಯ್ಯ ಯುಗಾದಿ ಕಳೀಲಿ ಅಂದಿದ್ದಾರಂತೆ. ಇಲ್ಲ ಅಂದಿಲ್ಲ. ಪಕ್ಕದವರ ಜಾಗಕ್ಕೆ ಈಗಾಗಲೇ ಕಲ್ಲು ಕಂಬ ಬಂದು ಬಿದ್ದಿದೆ.

ಯುಗಾದಿಗೆ ಇನ್ನು ಏಳು ತಿಂಗಳು ಚಿಲ್ಲರೆ. ಮುಂದಿನ ವರ್ಷ ನಾಟಿಗೆ ಯಾರು ಅನ್ನೋದಕ್ಕೆ ಅಷ್ಟರೊಳಗೆ ಒಂದು ಉತ್ತರ ಹುಡುಕಬೇಕು.